ಅಮ್ಮನ ಮುಷ್ಟಿಯ ತೂಕ

ಮೊನ್ನೆ ಮೊಮ್ಮಗಳು ಪೇಟೆಯಿಂದ ಒಂದು ತೂಕದ ಯಂತ್ರ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. ಯಂತ್ರವೆಂದರೆ ತಟ್ಟೆಯಿಲ್ಲ, ಸರಪಳಿಯಿಲ್ಲ, ತೂಕದ ಕಲ್ಲಿಲ್ಲ. ಬರೀ ಒಂದು ಗಾಜಿನ ಹಲಗೆ. ಮೇಲೆ ಬೆರಳಿಟ್ಟರೆ ಬೆರಳಿನ ತೂಕವನ್ನೂ ಹೇಳಿಬಿಡುತ್ತದೆ. ಅವಳಿಗೆ ಕೇಕ್ ಮಾಡುವ ಹುಮ್ಮಸ್ಸು.

“ಅಜ್ಜೀ, ಒಂದು ಕಪ್ ಮೈದಾ ಅಂದ್ರೆ ಎಷ್ಟು ಗ್ರಾಂ?”

“ಯಾವ ಕಪ್ಪು?” ಅಂದೆ.

“ಕಪ್ ಅಂದ್ರೆ ಕಪ್. ಎಂತ ಅಜ್ಜಿ ನೀವು!”

ನಮ್ಮ ಕಪಾಟಿನಲ್ಲಿರುವ ಕಪ್ಪುಗಳಿಗೆ ಒಂದಕ್ಕೊಂದು ನೆಂಟಸ್ತಿಕೆಯೇ ಇಲ್ಲ. ಒಂದು ಯಾರದೋ ಮದುವೆಯಲ್ಲಿ ಉಡುಗೊರೆ ಸಿಕ್ಕಿದ್ದು, ಒಂದು ಸಂಗಡಿಗರೆಲ್ಲ ಒಡೆದುಹೋಗಿ ಒಂಟಿಯಾಗಿ ಉಳಿದದ್ದು, ಇನ್ನೊಂದಕ್ಕೆ ಹಿಡಿಯೇ ಇಲ್ಲ. ಅದರಲ್ಲಿ ಯಾವುದನ್ನು ಕೇಳುತ್ತಿದ್ದಾಳೆ ಎಂದು ನಾನು ಕೇಳಿದರೆ ನಾನೇ ಪೆದ್ದಿಯಾದೆ. ಅವಳು ಫೋನು ನೋಡಿ ಉತ್ತರ ಕಂಡುಕೊಂಡಳು. ನಾನು ಹಾಲು ಕಾಯಿಸಲು ಹೋಗಿ, ಒಲೆಯ ಮುಂದೆ ಹಳೆಯದನ್ನು ನೆನೆಯುತ್ತಾ ನಿಂತು, ಹಾಲು ಉಕ್ಕಿಸಿದೆ.

ಹೇಳಲು ನಾಚಿಕೆ. ನಾನು ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತಳಾದವಳು. ಲೀಟರನ್ನು ಮಿಲಿಲೀಟರು ಮಾಡಿ, ಕಿಲೋವನ್ನು ಗ್ರಾಂ ಮಾಡಿ ಕಪ್ಪು ಹಲಗೆಯ ಮೇಲೆ ಸವೆಸಿದ ಸೀಮೆಸುಣ್ಣಕ್ಕೆ ಮಿತಿಯಿಲ್ಲ. ಆದರೆ ಇಂದಿಗೂ ಅಂಗಡಿಯವನು “ಅಕ್ಕಿ ಎಷ್ಟು ಟೀಚರೇ?” ಅಂದರೆ ನನ್ನ ಬಾಯಿ ಕಿಲೋ ಅನ್ನುವ ಮುಂಚೆ ಮನಸ್ಸು ಸೇರು ಅಂದಿರುತ್ತದೆ. ಸೇರಿನ ಕಾಲು ಭಾಗ ಪಾವು. ಎಣ್ಣೆ, ಹಾಲಿಗೆ ಕುಡ್ತೆ ಎಂಬ ಪುಟ್ಟ ಪಾತ್ರೆ. ಅದಕ್ಕಿಂತ ಕಡಿಮೆಯದಕ್ಕೆಲ್ಲ ಕೈ. ಒಂದು ಮುಷ್ಟಿ, ಒಂದು ಚಿಟಿಕೆ, ಅಂಗೈ ಗುಳಿಯಷ್ಟು. ಇಷ್ಟರಲ್ಲಿ ನಮ್ಮ ಮನೆಯ ಸಂಸಾರ ನಡೆಯುತ್ತಿತ್ತು.

ನಮ್ಮ ಮನೆ ಆಗ ಕರಾವಳಿಯ ಜೆಪ್ಪಿನಲ್ಲಿ. ನಾನು, ಅಪ್ಪ, ಅಮ್ಮ, ಮೂರೇ ಜನ. ಅಪ್ಪ ನದಿ ಬದಿಯ ಒಂದು ಹಂಚಿನ ಕಾರ್ಖಾನೆಯಲ್ಲಿ ರೈಟರ್. ಅಂದರೆ ಗುಮಾಸ್ತ, ನಮ್ಮ ಕಡೆ ಗುಮಾಸ್ತರನ್ನು ಹಾಗೇ ಕರೆಯುವುದು. ದೋಣಿಯಲ್ಲಿ ಬಂದ ಸೌದೆಯನ್ನು ದೊಡ್ಡ ತಕ್ಕಡಿಗೆ ಹಾಕಿಸಿ ತೂಕ ಬರೆದುಕೊಳ್ಳುವುದು ಅವನ ಕೆಲಸ. ಹಾಗಾಗಿ ಅಪ್ಪನ ಪ್ರಕಾರ ಲೋಕದಲ್ಲಿ ನಂಬತಕ್ಕದ್ದು ಒಂದೇ, ತೂಕ. ಅಮ್ಮನ ಪ್ರಕಾರ ತೂಕವೆಂಬುದು ಸೌದೆಗೆ, ಬಂಗಾರಕ್ಕೆ. ಅನ್ನಕ್ಕೆ ಅಳತೆ. ಅವಳು ಅಕ್ಕಿ ಅಳೆಯುವಾಗ ಒಂದು ಎನ್ನುತ್ತಿರಲಿಲ್ಲ, “ಲಾಭ” ಅನ್ನುತ್ತಿದ್ದಳು. ಲಾಭ, ಎರಡು, ಮೂರು. ಒಂದು ಎಂದರೆ ಒಂಟಿ, ಅನ್ನ ಒಂಟಿಯಾಗಬಾರದು ಎಂದು ನನಗೆ ಹೇಳಿಕೊಟ್ಟಿದ್ದಳು. ಪಾವು ತುಂಬಿ ಮೇಲೆ ಗೋಪುರದ ಹಾಗೆ ನಿಂತ ಅಕ್ಕಿಯನ್ನು ಅವಳು ಅಂಗೈಯಿಂದ ಸವರುತ್ತಲೂ ಇರಲಿಲ್ಲ.

“ಆ ಮೇಲಿನದ್ದಕ್ಕೆ ಲೆಕ್ಕ ಉಂಟಾ?” ಎಂದು ಅಪ್ಪ ಕೆಣಕುವುದು.

“ಅದು ಯಾರಾದರೂ ಬಂದರೆ,” ಅನ್ನುವುದು ಅಮ್ಮ.

ನನಗೆ ಹತ್ತೋ ಹನ್ನೊಂದೋ ಆಗಿದ್ದಾಗ ಅಮ್ಮನಿಗೆ ಕೆಮ್ಮು ಹಿಡಿಯಿತು. ಕಷಾಯಕ್ಕೆ ಹೋಗಲಿಲ್ಲ, ಮದ್ದಿಗೂ ಹೋಗಲಿಲ್ಲ. ಒಂದು ದಿನ ಸೆರಗಿನಲ್ಲಿ ರಕ್ತ ಕಂಡಿತು. ಟಿ.ಬಿ. ಎಂಬ ಎರಡಕ್ಷರವನ್ನು ಆಗ ಜನ ದನಿ ತಗ್ಗಿಸಿಯೇ ಹೇಳುತ್ತಿದ್ದರು, ಹೆಸರು ಕೇಳಿದರೂ ಅಂಟುತ್ತದೆಯೇನೋ ಎಂಬ ಹಾಗೆ. ಅಮ್ಮನನ್ನು ಊರ ಹೊರಗಿನ ಆಸ್ಪತ್ರೆಗೆ ಸೇರಿಸಿದರು. ತಿಂಗಳುಗಟ್ಟಲೆ ಇರಬೇಕು, ಇಂಜೆಕ್ಷನ್ ಆಗಬೇಕು, ಚೆನ್ನಾಗಿ ತಿನ್ನಬೇಕು, ತೂಕ ಏರಬೇಕು ಅಂದರು ಡಾಕ್ಟರು. ಅಪ್ಪನಿಗೆ ಆ ಕೊನೆಯ ಮಾತೊಂದು ಚೆನ್ನಾಗಿ ಅರ್ಥವಾಯಿತು.

ನೆಂಟರು ನಮ್ಮ ಅಂಗಳಕ್ಕೆ ಬರುವುದನ್ನು ಬಿಟ್ಟರು. ಬೈಯುವುದು ಬೇಡ, ಅವರಿಗೂ ಮಕ್ಕಳಿದ್ದರು. ಬರುತ್ತಿದ್ದವರು ಪಕ್ಕದ ಮನೆಯ ಹಿಲ್ಡಾ ಬಾಯಿ ಒಬ್ಬರೇ. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರು, ಅದೇ ಆಸ್ಪತ್ರೆಯಲ್ಲಿ ನರ್ಸು. ಅವರ ಬಿಳಿ ಸಮವಸ್ತ್ರ ಅವರ ಮನೆಯ ಹಗ್ಗದ ಮೇಲೆ ಒಣಗುವುದನ್ನು ನೋಡಿದರೆ ನನಗೆ ಅಮ್ಮನೇ ಹತ್ತಿರ ಇದ್ದ ಹಾಗೆ. ಆ ಬಟ್ಟೆ ಬೆಳಿಗ್ಗೆ ಅಮ್ಮನ ಮಂಚದ ಬಳಿ ಹೋಗಿ ಬಂದದ್ದಲ್ಲವೇ?

ಅಡುಗೆ ಅಪ್ಪನ ಪಾಲಿಗೆ ಬಂತು. ಮೊದಲ ದಿನವೇ ಅವನು ಕಾರ್ಖಾನೆಯಿಂದ ಕೇಳಿ ತಂದ ಸಣ್ಣ ತಕ್ಕಡಿಯಲ್ಲಿ ಒಂದು ಪಾವು ಅಕ್ಕಿಯನ್ನು ತೂಗಿ, ಇಷ್ಟು ಔನ್ಸು ಎಂದು ಮಸಿ ಹಿಡಿದ ಅಡುಗೆಮನೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ. “ನೋಡು ವಾರಿಜಾ, ಇನ್ನು ಪಾವು ಬೇಡ, ಸೇರು ಬೇಡ. ಪಾವು ಅಂದರೆ ಇಷ್ಟು ತೂಕ. ಮುಗಿಯಿತು!” ಅಂದ. ನನಗೂ ಸರಿಯೆನಿಸಿತು. ಮಾರನೆಯ ಬೆಳಿಗ್ಗೆ ಅವಲಕ್ಕಿ. ಅಮ್ಮ ನಮ್ಮಿಬ್ಬರಿಗೆ ಎರಡು ಪಾವು ಹಾಕುವವಳು. ಅಪ್ಪ ಗೋಡೆ ನೋಡಿ, ಎರಡರಿಂದ ಗುಣಿಸಿ, ಅಷ್ಟು ತೂಕದ ಅವಲಕ್ಕಿಯನ್ನು ತಕ್ಕಡಿಗೆ ಸುರಿಯತೊಡಗಿದ. ಸುರಿಯುತ್ತಾನೆ, ಸುರಿಯುತ್ತಾನೆ, ತಟ್ಟೆ ಕೆಳಗಿಳಿಯುವುದೇ ಇಲ್ಲ. ಡಬ್ಬಿ ಖಾಲಿಯಾಯಿತು. ಬೆಲ್ಲ, ತೆಂಗಿನತುರಿ ಸೇರಿಸಿ ಕಲಸಿದಾಗ ನಮ್ಮ ಮನೆಯ ದೊಡ್ಡ ಪಾತ್ರೆಯೂ ಸಾಕಾಗಲಿಲ್ಲ. ನಾವು ತಿಂದೆವು, ಸಂಜೆಗೂ ತಿಂದೆವು, ಹಿಲ್ಡಾ ಬಾಯಿಯ ಕೋಳಿಗಳು ತಿಂದವು.

ಬೇಲಿಯ ಆಚೆಯಿಂದ ಹಿಲ್ಡಾ ಬಾಯಿ ನಕ್ಕರು. “ರೈಟರೇ, ಅವಲಕ್ಕಿಯನ್ನೂ ಸೌದೆಯನ್ನೂ ಒಂದೇ ಲೆಕ್ಕದಲ್ಲಿ ಹಿಡಿದರೆ ಹೇಗೆ ಮಾರಾಯ್ರೇ?”

“ಅಕ್ಕಿಯದ್ದೂ ಪಾವೇ, ಅವಲಕ್ಕಿಯದ್ದೂ ಪಾವೇ ಅಲ್ಲವಾ ಬಾಯಿ?”

“ಪಾವು ಹೌದು. ಆದರೆ ಅವಲಕ್ಕಿಯಲ್ಲಿ ಇರುವುದು ಅರ್ಧ ಗಾಳಿಯೇ.”

ಅಪ್ಪ ಗೋಡೆ ಒರೆಸಿ ಹೊಸದಾಗಿ ಬರೆದ. ಅಕ್ಕಿಗೆ ಬೇರೆ, ಅವಲಕ್ಕಿಗೆ ಬೇರೆ, ರವೆಗೆ ಬೇರೆ. ಒಂದೊಂದು ಪದಾರ್ಥಕ್ಕೂ ಅದರದ್ದೇ ಲೆಕ್ಕ ಎಂದು ಗೊತ್ತಾದ ಮೇಲೆ ಅವನಿಗೆ ಅಡುಗೆಯ ಮೇಲೆ ಗೌರವವೇ ಹುಟ್ಟಿತು. ಆದರೆ ಬಂಗುಡೆ ಮೀನಿನ ಸಾರಿನ ಮುಂದೆ ಅವನ ಆಟ ನಡೆಯಲಿಲ್ಲ. ಅಮ್ಮನ ಸಾರು ಇಡೀ ಮನೆಗೆ ವಾರದ ಹಬ್ಬ. ಅದಕ್ಕೆ ಸೇರೂ ಇಲ್ಲ, ಪಾವೂ ಇಲ್ಲ, ಎಲ್ಲ ಕೈ ಲೆಕ್ಕ.

ಭಾನುವಾರ ಆಸ್ಪತ್ರೆಗೆ ಹೋದೆವು. ಮಕ್ಕಳಿಗೆ ವಾರ್ಡಿನೊಳಗೆ ಪ್ರವೇಶವಿಲ್ಲ. ಅಮ್ಮ ವರಾಂಡದ ಬೆಂಚಿಗೆ ಬಂದು ಕೂತುಕೊಳ್ಳುತ್ತಿದ್ದಳು. ನಾನು ಮೆಟ್ಟಿಲ ಕೆಳಗೆ, ಅಪ್ಪ ಮೆಟ್ಟಿಲ ಮೇಲೆ.

“ಸಾರಿಗೆ ಉಪ್ಪು ಎಷ್ಟು ಹಾಕುವುದು?” ಎಂದು ಕೇಳಿದ.

“ಒಂದು ಮುಷ್ಟಿಗೆ ಸ್ವಲ್ಪ ಕಡಿಮೆ.”

“ಕೊತ್ತಂಬರಿ?”

“ಒಂದು ಮುಷ್ಟಿಗೆ ಸ್ವಲ್ಪ ಜಾಸ್ತಿ.”

“ಹುಣಸೆಹುಳಿ?”

“ಲಿಂಬೆ ಗಾತ್ರ.”

“ಯಾವ ಲಿಂಬೆ ಮಾರಾಯ್ತಿ? ಲಿಂಬೆಯಲ್ಲಿ ಎಷ್ಟು ಜಾತಿ ಉಂಟು!”

ಅಮ್ಮ ನಕ್ಕಳು. ನಗು ಕೆಮ್ಮಾಯಿತು. ಅಪ್ಪ ಪ್ರಶ್ನೆಗಳನ್ನು ಅಲ್ಲಿಗೇ ಬಿಟ್ಟ. ಆದರೆ ಮುಂದಿನ ಭಾನುವಾರ ಅವನ ಚೀಲದಲ್ಲಿ ಕಲ್ಲುಪ್ಪು, ಕೊತ್ತಂಬರಿ, ಮೆಣಸು, ಹುಣಸೆಹುಳಿಯ ಪೊಟ್ಟಣಗಳಿದ್ದವು. ಜೊತೆಗೆ ನಮ್ಮ ಬೀದಿಯ ಅಕ್ಕಸಾಲಿಗರಿಂದ ಕೇಳಿ ತಂದ ಪುಟ್ಟ ತ್ರಾಸು, ಮರದ ಪೆಟ್ಟಿಗೆಯಲ್ಲಿ ಹತ್ತಿಯ ಮೇಲೆ ಮಲಗಿತ್ತು. ಬಂಗಾರ ತೂಗುವ ತ್ರಾಸನ್ನು ಅಪ್ಪ ವರಾಂಡದಲ್ಲಿ ಬಿಡಿಸಿ ಹಿಡಿದಾಗ ಬೇರೆ ರೋಗಿಗಳೂ ಕುತ್ತಿಗೆ ಚಾಚಿದರು.

“ಎಂತ ಇದು ರೈಟರೇ, ಇಲ್ಲಿ ಅಂಗಡಿ ಇಡ್ತೀರಾ?” ಎಂದು ಹಿಲ್ಡಾ ಬಾಯಿ ಬಂದರು. ವಿಷಯ ಕೇಳಿ ಬೈಯಲು ತೆರೆದ ಬಾಯಿ ಮುಚ್ಚಿದರು. ಡಾಕ್ಟರು ಬರುತ್ತಾರೋ ಎಂದು ನೋಡಲು ಬಾಗಿಲಲ್ಲಿ ತಾವೇ ನಿಂತರು.

ಅಮ್ಮ ಪೊಟ್ಟಣಕ್ಕೆ ಕೈ ಹಾಕಿ ಒಂದು ಮುಷ್ಟಿ ಉಪ್ಪು ತೆಗೆದಳು. ಕಣ್ಣು ಮುಚ್ಚಿ, ಮುಷ್ಟಿಯನ್ನು ಸ್ವಲ್ಪ ಸಡಿಲಿಸಿ, ನಾಲ್ಕು ಹರಳು ಕೆಳಗೆ ಬಿಟ್ಟಳು. “ಹ್ಞಾಂ, ಇಷ್ಟು,” ಎಂದಳು. ಮುಂದೆ ಒಲೆ ಇಲ್ಲ, ಮಡಕೆ ಇಲ್ಲ. ಆದರೂ ಅವಳ ಮುಖದಲ್ಲಿ ಅಡುಗೆ ಮಾಡುವವಳ ಕಳೆ ಬಂತು. ಅಪ್ಪ ಒಂದೊಂದನ್ನೂ ತೂಗಿದ. ಇಷ್ಟು ತೊಲ, ಇಷ್ಟು ತೊಲ ಎಂದು ನನ್ನಿಂದ ಬಾಯಿಪಾಠ ಮಾಡಿಸಿದ. ಮನೆಗೆ ನಡೆಯುವ ದಾರಿಯುದ್ದಕ್ಕೂ ನಾನು ಅದನ್ನು ಮಗ್ಗಿಯ ಹಾಗೆ ಹೇಳಿಕೊಂಡು ಬಂದೆ.

ಸಾರು ಆಯಿತು. ಬಣ್ಣ ಬಂತು, ಪರಿಮಳವೂ ಬಂತು. ಬಾಯಿಗೆ ಹಾಕಿದರೆ ಸಪ್ಪೆ.

ಅಪ್ಪ ತಲೆ ಕೆರೆದುಕೊಂಡ. ಮತ್ತೆ ತೂಗಿ ನೋಡಿದ, ತೂಕ ಸರಿಯಾಗಿಯೇ ಇತ್ತು. ಒಂದು ಬಟ್ಟಲು ಸಾರನ್ನು ಬೇಲಿಯ ಮೇಲಿಂದ ಹಿಲ್ಡಾ ಬಾಯಿಗೆ ಕೊಟ್ಟ. ಅವರು ಬೆರಳದ್ದಿ ನೆಕ್ಕಿದರು.

“ಉಪ್ಪು ಎಲ್ಲಿ ರೈಟರೇ?”

“ಲೆಕ್ಕ ಸರಿ ಉಂಟು ಬಾಯಿ. ಅವಳ ಕೈಯಲ್ಲೇ ತೆಗೆದದ್ದು, ನೀವೇ ನೋಡಿದ್ದೀರಲ್ಲ. ಇಷ್ಟು ವರ್ಷ ಇದೇ ಮಡಕೆಗೆ ಅವಳದೇ ಒಂದು ಮುಷ್ಟಿ.”

ಹಿಲ್ಡಾ ಬಾಯಿ ಬಟ್ಟಲನ್ನು ಬೇಲಿಯ ಕಂಬದ ಮೇಲಿಟ್ಟರು. ಆಮೇಲೆ ಮೆಲ್ಲಗೆ, “ರೈಟರೇ, ಆ ಮುಷ್ಟಿ ಈಗ ಎಲ್ಲಿ ಉಂಟು?” ಅಂದರು.

ಅಪ್ಪನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ನನಗೆ ಇನ್ನೂ ಹೆಚ್ಚು ಹೊತ್ತು ಬೇಕಾಯಿತು. ಅಮ್ಮ ಬಡವಾಗಿದ್ದಾಳೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಕೆನ್ನೆ ನೋಡಿದ್ದೆವು, ಕೊರಳ ಎಲುಬು ನೋಡಿದ್ದೆವು. ಆದರೆ ಕಣ್ಣು ವಾರವಾರ ನೋಡಿ ನೋಡಿ ರೂಢಿಯಾಗುತ್ತದೆ. ನಾಲಿಗೆಗೆ ಆ ರೂಢಿ ಇರಲಿಲ್ಲ. ಅಮ್ಮ ಎಷ್ಟು ಕರಗಿಹೋಗಿದ್ದಾಳೆ ಎಂದು ನಮಗೆ ಆ ಸಪ್ಪೆ ಸಾರೇ ಹೇಳಿತು. ಅಪ್ಪ ಒಳಗೆ ಬಂದು ಒಲೆಯ ಮುಂದೆ ಕೂತ. ಹೊಗೆಗೆ ಕಣ್ಣು ಒರೆಸಿಕೊಂಡ, ಒಲೆಯಲ್ಲಿ ಹೊಗೆ ಇರಲಿಲ್ಲ. ಆಮೇಲೆ ತನ್ನದೇ ಕೈಯಿಂದ ಇನ್ನಷ್ಟು ಉಪ್ಪು ತೆಗೆದು ಸಾರಿಗೆ ಹಾಕಿ, “ಊಟ ಮಾಡು ಮಗಾ,” ಅಂದ.

ಅಮ್ಮನಿಗೆ ಇದನ್ನು ಹೇಳಲಿಲ್ಲ. “ಸಾರು ಹೇಗಾಯ್ತು?” ಎಂದು ಅವಳು ಕೇಳಿದಾಗ ಅಪ್ಪ, “ಫಸ್ಟ್ ಕ್ಲಾಸ್! ಮಗಳು ಎರಡು ಸಲ ಬಡಿಸಿಕೊಂಡಳು,” ಅಂದ. ಎರಡು ಸಲ ಬಡಿಸಿಕೊಂಡದ್ದು ಸುಳ್ಳಲ್ಲ.

ಅಂದಿನಿಂದ ಅಪ್ಪ ಒಂದಲ್ಲ ಒಂದು ನೆಪ ಹೂಡಿ ಅಮ್ಮನ ಮುಷ್ಟಿಯನ್ನು ತೂಗುತ್ತಲೇ ಇದ್ದ. ಒಂದು ಸಲ ಹೆಸರುಕಾಳು, ಒಂದು ಸಲ ಉದ್ದು, ಮತ್ತೊಮ್ಮೆ ಉಪ್ಪು. “ಮರೆತುಹೋಯ್ತು, ಇನ್ನೊಮ್ಮೆ ತೋರಿಸು” ಅನ್ನುವುದು. ಅಮ್ಮ “ಇಷ್ಟು ಮರೆವಿನವರು ಕಾರ್ಖಾನೆಯಲ್ಲಿ ಹೇಗೆ ಬರೆಯುತ್ತೀರಿ?” ಅನ್ನುವುದು. ಉಪ್ಪಿನ ತೂಕ ಹರಳು ಹರಳಾಗಿ ಏರಿತು. ಇಂಜೆಕ್ಷನ್ ಹಿಡಿಯಿತು ಎಂದರು ಹಿಲ್ಡಾ ಬಾಯಿ. ಆಸ್ಪತ್ರೆಯಲ್ಲಿ ವಾರಕ್ಕೊಮ್ಮೆ ರೋಗಿಗಳನ್ನೆಲ್ಲ ನಿಲ್ಲಿಸಿ ತೂಗುವ ಕ್ರಮವಿತ್ತು. ಅಮ್ಮನ ತೂಕ ಎಪ್ಪತ್ತು ದಾಟಿ ಎಂಬತ್ತರ ಹತ್ತಿರ ಬಂತು. ರಾತಲಿನ ಲೆಕ್ಕ, ಆಗ ಪೌಂಡಿಗೆ ನಾವು ರಾತಲು ಅನ್ನುವುದು. ಆ ಅಂಕಿಯನ್ನು ಅಮ್ಮ ನನಗೆ ಮೆಟ್ಟಿಲ ಮೇಲಿಂದಲೇ ಕೂಗಿ ಹೇಳುತ್ತಿದ್ದಳು, ಪರೀಕ್ಷೆಯ ಮಾರ್ಕು ಹೇಳಿದ ಹಾಗೆ.

ಅಷ್ಟರಲ್ಲಿ ಜೆಪ್ಪಿನ ಅಂಗಡಿಗೆ ಕಿಲೋ ಬಂದುಬಿಟ್ಟಿತು. ಸರಕಾರದ ಹೊಸ ಲೆಕ್ಕ. ಅಳೆದು ಕೊಡುತ್ತಿದ್ದ ಅಕ್ಕಿಯನ್ನು ಇನ್ನು ತೂಗಿ ಕೊಡುವುದಂತೆ. ಹೆಂಗಸರು ಅಂಗಡಿಯ ಮುಂದೆ ಸೇರು ಹಿಡಿದುಕೊಂಡೇ ನಿಂತರು, ತೂಗಿದ್ದನ್ನು ಮನೆಗೆ ತಂದು ಮತ್ತೆ ಅಳೆದರು, ಅಂಗಡಿಯವನಿಗೆ ಶಾಪ ಹಾಕಿದರು. ಇಡೀ ಜೆಪ್ಪಿನಲ್ಲಿ ಖುಷಿಪಟ್ಟ ಒಬ್ಬನೇ ಮನುಷ್ಯ ನನ್ನಪ್ಪ. ಕೊನೆಗೂ ಸರಕಾರಕ್ಕೆ ತನ್ನ ಬುದ್ಧಿ ಬಂತು ಎಂಬಂತೆ ಎದೆಯುಬ್ಬಿಸಿ ನಡೆದ. ಸಂಜೆ ಹೊತ್ತು ನಮ್ಮ ಜಗಲಿಗೆ ಹೆಂಗಸರು ಬಂದು, “ರೈಟರಣ್ಣ, ಮೂರು ಪಾವು ಅಕ್ಕಿಗೆ ಎಷ್ಟು ಕಿಲೋ ಹೇಳಬೇಕು?” ಎಂದು ಕೇಳುವುದು, ಅವನು ಒಳಗೆ ಹೋಗಿ ಗೋಡೆ ನೋಡಿ, ಕಿಲೋಗೆ ತಿರುಗಿಸಿ ಉತ್ತರಿಸುವುದು. ಅಂಗಳಕ್ಕೆ ಬರಲು ಹೆದರುತ್ತಿದ್ದವರನ್ನು ಕಿಲೋ ಮತ್ತೆ ನಮ್ಮ ಜಗಲಿಗೆ ಕರೆತಂದಿತು.

ಒಂದು ಭಾನುವಾರ ಹೋದಾಗ ಅಮ್ಮ ವರಾಂಡಕ್ಕೆ ಬಂದಿರಲಿಲ್ಲ. ಹಿಲ್ಡಾ ಬಾಯಿ ಆ ವಾರ ಬಜಪೆಯ ತಂಗಿಯ ಮನೆಗೆ ಹೋಗಿದ್ದರು, ಕೇಳಲು ಯಾರೂ ಇಲ್ಲ. ಅಪ್ಪ ಒಳಗೆ ಹೋಗಿ ತುಂಬಾ ಹೊತ್ತಿನ ಮೇಲೆ ಅಮ್ಮನನ್ನು ಕೈ ಹಿಡಿದು ಕರೆತಂದ. ಅವಳ ಕಣ್ಣು ಊದಿತ್ತು. ಬೆಂಚಿನ ಮೇಲೆ ಕೂತು ನನ್ನನ್ನೇ ನೋಡಿದಳು.

“ವಾರಿಜಾ, ಜಡೆ ಯಾರು ಹಾಕಿದ್ದು?”

“ಅಪ್ಪ.”

“ಇನ್ನು ನೀನೇ ಹಾಕಿಕೊಳ್ಳಲು ಕಲಿಯಬೇಕು ಮಗಾ.” ಆಮೇಲೆ ಅಪ್ಪನ ಕಡೆ ತಿರುಗಿ, “ಪೆಟ್ಟಿಗೆಯಲ್ಲಿ ನನ್ನ ಹಸಿರು ಸೀರೆ ಉಂಟು. ಯಾರಿಗೂ ಕೊಡಬೇಡಿ. ಅವಳಿಗೆ ಇಡಿ,” ಅಂದಳು.

“ಎಂತ ಮಾತು ಇದು?” ಅಪ್ಪ ಅವಳ ಮುಂದೆ ಕುಕ್ಕರಿಸಿದ. “ಎಂತ ಆಯ್ತು, ಹೇಳು.”

“ನಿನ್ನೆ ತೂಕ ನೋಡಿದರು. ಮೂವತ್ತಾರು.” ಅಮ್ಮ ಬೆರಳುಗಳನ್ನು ಒಂದಕ್ಕೊಂದು ಹೆಣೆದುಕೊಂಡಳು. “ಹೋದ ವಾರ ಎಂಬತ್ತರ ಹತ್ತಿರ ಇತ್ತು. ಒಂದೇ ವಾರದಲ್ಲಿ ಅರ್ಧ ಹೋಯಿತು. ಇನ್ನರ್ಧ ಹೋಗಲು ಎಷ್ಟು ದಿನ ಬೇಕು? ಇಂದು ಬೆಳಿಗ್ಗೆ ಮೊಟ್ಟೆ ಕೊಟ್ಟರು, ಬೇಡ ಅಂದೆ. ಸುಮ್ಮನೆ ದಂಡ.”

ಅಪ್ಪ ವರಾಂಡದ ತುದಿಗೆ ನೋಡಿದ. ಅಲ್ಲಿ ಹಳೆಯ ತೂಕದ ಯಂತ್ರದ ಜಾಗದಲ್ಲಿ ಹೊಸದೊಂದು ಹೊಳೆಯುತ್ತಾ ನಿಂತಿತ್ತು.

“ಅಯ್ಯೋ ಮಾರಾಯ್ತಿ! ಅದು ಕಿಲೋ! ರಾತಲು ಅಲ್ಲ, ಕಿಲೋ! ಯಂತ್ರ ಬದಲಾದದ್ದು, ನೀನಲ್ಲ!”

ಅಮ್ಮ ತಲೆಯಾಡಿಸಿದಳು. “ನನಗೆ ಸಮಾಧಾನ ಹೇಳಬೇಡಿ.”

“ಸಮಾಧಾನ ಅಲ್ಲ, ಲೆಕ್ಕ!” ಎಂದು ಅಪ್ಪ ಗುಣಾಕಾರ ಶುರುಮಾಡಿದ. ಒಂದು ಕಿಲೋಗೆ ಎರಡು ರಾತಲು, ಮೇಲೆ ಚೂರು. ಬೆರಳು ಎಣಿಸಿದ, ಗಾಳಿಯಲ್ಲಿ ಬರೆದ. ಅಮ್ಮ ಕೇಳುತ್ತಿದ್ದಳೇ ಹೊರತು ನಂಬಲಿಲ್ಲ. ಲೆಕ್ಕ ಹೇಳಿ ಯಾರನ್ನಾದರೂ ಬದುಕಿಸಲು ಆಗುತ್ತದಾ ಎಂಬ ಹಾಗೆ ಅವನ ಮುಖವನ್ನೇ ನೋಡಿದಳು.

ಆಗ ಅಪ್ಪ ಚಪ್ಪಲಿ ಕಳಚಿದ. ನೇರ ಹೋಗಿ ಆ ಹೊಸ ಯಂತ್ರದ ಮೇಲೆ ಹತ್ತಿ ನಿಂತುಬಿಟ್ಟ. ಅಪ್ಪ ಅಂದರೆ ದೊಡ್ಡ ಆಳು. ಕಾರ್ಖಾನೆಯ ಸೌದೆ ತಕ್ಕಡಿಯಲ್ಲಿ ತಾನೇ ಕೂತು ನೂರೈವತ್ತು ರಾತಲು ದಾಟಿದ್ದೇನೆ ಎಂದು ಮನೆಯಲ್ಲಿ ಎಷ್ಟೋ ಸಲ ಜಂಬ ಕೊಚ್ಚಿಕೊಂಡದ್ದು ಅಮ್ಮನಿಗೆ ಗೊತ್ತಿತ್ತು. ಆ ಅಂಕಿಯನ್ನು ಅವಳೂ ನೆರೆಕರೆಯಲ್ಲಿ ಹೆಮ್ಮೆಯಿಂದ ಹೇಳಿದವಳೇ.

“ಬಂದು ನೋಡು!” ಎಂದು ಕೂಗಿದ. “ನೀನೇ ಓದು. ನಾನು ಓದಿದರೆ ಸುಳ್ಳು ಅಂತೀಯ.”

ಅಮ್ಮ ಗೋಡೆ ಹಿಡಿದುಕೊಂಡು ಹೋಗಿ ಬಗ್ಗಿ ನೋಡಿದಳು.

“ಎಪ್ಪತ್ತು,” ಅಂದಳು.

“ನೋಡಿದೆಯಾ? ನನ್ನದೂ ಅರ್ಧ ಹೋಯ್ತು ಮಾರಾಯ್ತಿ! ಬಾ, ಇಬ್ಬರೂ ಒಟ್ಟಿಗೇ ಹೋಗುವಾ!”

ಅಮ್ಮ ಅವನ ಹೊಟ್ಟೆಯನ್ನು ನೋಡಿದಳು. ಮತ್ತೆ ಮುಳ್ಳನ್ನು ನೋಡಿದಳು. ಹೊಟ್ಟೆ ಇದ್ದ ಜಾಗದಲ್ಲೇ ಇತ್ತು. ಬಾಯಿಗೆ ಸೆರಗು ಒತ್ತಿಕೊಂಡಳು. ಮೊದಲು ಭುಜ ಅಲುಗಿತು. ಅಳುತ್ತಾಳೆ ಎಂದುಕೊಂಡೆ. ನಗು! ತಿಂಗಳುಗಳಿಂದ ಕೇಳದ ನಗು. ನಾನು ಕೆಮ್ಮಿಗೆ ಕಾದೆ. ಕೆಮ್ಮು ಬರಲಿಲ್ಲ.

“ಅಕ್ಕಿಗೆ ಕಿಲೋ ಬಂದದ್ದು ಗೊತ್ತಿತ್ತು,” ಅಂದಳು ಉಸಿರು ಹಿಡಿದುಕೊಂಡು. “ಮನುಷ್ಯರಿಗೂ ಬರುತ್ತದೆ ಅಂತ ಯಾರಿಗೆ ಗೊತ್ತು?”

ವರಾಂಡದ ಬೇರೆ ಬೆಂಚುಗಳಲ್ಲೂ ಸದ್ದು ಎದ್ದಿತು. ನಿನ್ನೆಯಿಂದ ಮುಖ ಸಣ್ಣ ಮಾಡಿಕೊಂಡು ಕೂತವರು ಅಲ್ಲಿ ಇನ್ನೂ ಇದ್ದರು. ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಎಲ್ಲರೂ ಒಳಗೊಳಗೇ ಸಾಯಲು ತಯಾರಾಗಿದ್ದರು. “ರೈಟರೇ, ನನ್ನದು ನಲವತ್ತೊಂದು, ಎಷ್ಟಾಯ್ತು ಹೇಳಿ?” “ಅಣ್ಣೇರೇ, ನನ್ನದು?” ಅಪ್ಪ ಯಂತ್ರದ ಮೇಲೆ ನಿಂತುಕೊಂಡೇ ಒಬ್ಬೊಬ್ಬರಿಗೂ ಅವರವರ ರಾತಲುಗಳನ್ನು ಹಿಂದಕ್ಕೆ ಕೊಟ್ಟ. ಅಮ್ಮ ತನ್ನದನ್ನು ಎರಡು ಸಲ ಕೇಳಿ ಖಾತ್ರಿಮಾಡಿಕೊಂಡಳು. ಹೋದ ವಾರಕ್ಕಿಂತ ಒಂದು ರಾತಲು ಜಾಸ್ತಿಯೇ ಆಗಿತ್ತು. ಹೊರಡುವಾಗ ಅವಳು ಆಯಾಳನ್ನು ಕರೆದು, ಬೆಳಗಿನ ಮೊಟ್ಟೆ ಇನ್ನೂ ಉಂಟಾ ಎಂದು ಕೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು.

ಮಳೆಗಾಲ ಕಳೆದ ಮೇಲೆ ಅಮ್ಮನನ್ನು ಮನೆಗೆ ಕಳಿಸಿದರು. ಸದ್ಯ ಹೊಗೆಯ ಹತ್ತಿರ ಹೋಗಬಾರದು ಎಂದು ಡಾಕ್ಟರ ಅಪ್ಪಣೆ. ಹಾಗಾಗಿ ಅಡುಗೆ ಅಪ್ಪನದೇ. ಆ ದಿನ ಅವನು ಬೆಳಿಗ್ಗೆಯೇ ಕೆಲಸಕ್ಕೆ ರಜೆ ಹೇಳಿ ಬಂದು ಕುಚ್ಚಲಕ್ಕಿ ಅನ್ನ, ಮೀನಿನ ಸಾರು, ಅಲಸಂಡೆ ಪಲ್ಯ ಮಾಡಿದ. ಮೂವರೂ ಸಾಲಾಗಿ ಕೂರುವುದು ಎಂದು ನಾನು ಮೂರು ಮಣೆ ಹಾಕಿದೆ. ಅಪ್ಪ ಒಂದನ್ನೇ ಇಟ್ಟು ಎರಡನ್ನು ಗೋಡೆಗೆ ಒರಗಿಸಿದ.

“ಮೊದಲು ನೀನು ಕೂತುಕೋ,” ಅಂದ ಅಮ್ಮನಿಗೆ.

ಅಮ್ಮ ಗಲಿಬಿಲಿಗೊಂಡಳು. ನಮಗೆ ಬಡಿಸದೆ ಅವಳು ಉಂಡದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಸೆರಗು ಸರಿಮಾಡಿಕೊಂಡು, ನೆಂಟರ ಮನೆಗೆ ಬಂದವಳ ಹಾಗೆ ಮಣೆಯ ತುದಿಯಲ್ಲಿ ಕೂತಳು. ಅಪ್ಪ ಅನ್ನದ ಪಾತ್ರೆ ಹಿಡಿದು ಬಗ್ಗಿದ.

“ಎಷ್ಟು ಹಾಕಲಿ?”

“ಹಾಕಿ. ಸಾಕಾದಾಗ ಹೇಳ್ತೇನೆ.”

ಅಪ್ಪ ಒಂದು ಸೌಟು ಹಾಕಿದ, ಸಾರು ಸುರಿದ. ಅಮ್ಮ ಉಂಡಳು. ಇನ್ನೊಂದು ಹಾಕಿದ. ಅವಳು ತಲೆ ಎತ್ತದೆ ಉಂಡಳು. ಮೀನಿನ ಮುಳ್ಳನ್ನು ಎಲೆಯ ಅಂಚಿಗೆ ನೀಟಾಗಿ ಜೋಡಿಸುತ್ತಾ, ಬೆರಳು ನೆಕ್ಕುತ್ತಾ, ಹೊರಗೆ ಆಡಿಕೊಂಡು ಬಂದ ಮಗುವಿನ ಹಾಗೆ ಉಂಡಳು. ಅಪ್ಪ ಮತ್ತೆ ಬಗ್ಗಿದ. ಸಾಕು ಎಂಬ ಮಾತು ಬರಲಿಲ್ಲ. ಕೊನೆಗೆ ಸೌಟು ಪಾತ್ರೆಯ ತಳಕ್ಕೆ ತಾಗಿ ಕರಕರ ಅಂದಿತು. ಆ ಸದ್ದಿಗೆ ಅಮ್ಮ ಥಟ್ಟನೆ ತಲೆಯೆತ್ತಿದಳು.

“ಅಯ್ಯೋ ದೇವರೇ! ನಿಮಗೆ? ಮಗುವಿಗೆ?”

“ನನಗೆ ಹಸಿವಿಲ್ಲ,” ಅಂದ ಅಪ್ಪ, ಕೊನೆಯ ಅನ್ನವನ್ನು ಅವಳ ಎಲೆಗೆ ಕೆರೆದು ಹಾಕುತ್ತಾ.

ನನ್ನ ಹೊಟ್ಟೆ ಚುರುಗುಟ್ಟುತ್ತಿತ್ತು. “ನನಗೂ ಇಲ್ಲಮ್ಮ,” ಅಂದೆ. ಅಷ್ಟು ಸಂತೋಷದಿಂದ ನಾನು ಇನ್ಯಾವತ್ತೂ ಹಸಿದದ್ದಿಲ್ಲ.